ಒಡಲು ತಾಳುವ ಬಗೆ

ಮೂತ್ರಪಿಂಡ ಕೆಟ್ಟುಹೋದ ಮಗನಿಗೆ ತಾಯಿ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಓದಿ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಆದರೆ ಅಂಥ ಸುದ್ದಿಯಲ್ಲಿ ಸಾಮಾನ್ಯವಾಗಿ ಬರೆಯದೆ ಬಿಡುವ ಸಂಗತಿ ಒಂದಿದೆ. ಶಸ್ತ್ರಚಿಕಿತ್ಸೆ ಆದ ದಿನದಿಂದ ಆ ಮಗ ದಿನವೂ ಮಾತ್ರೆ ನುಂಗುತ್ತಿರಬೇಕು. ನಿಲ್ಲಿಸಿದರೆ ಅವನ ದೇಹ ತಾಯಿಯ ಅಂಗವನ್ನು ಪರಕೀಯವೆಂದು ಗುರುತಿಸಿ ನಾಶ ಮಾಡಲು ಹೊರಡುತ್ತದೆ. ಮಗನ ಅಂಗವನ್ನು ತಾಯಿಗೆ ಇಟ್ಟರೂ ಇದೇ ಕತೆ. ಕರುಳಿನ ಕುಡಿ, ಒಡಹುಟ್ಟು, ರಕ್ತಸಂಬಂಧ ಎಂದು ನಾವಾಡುವ ಮಾತುಗಳು ರಕ್ತದ ಕಣಗಳಿಗೆ ತಿಳಿಯವು. ಮಗುವಿನಲ್ಲಿ ಅರ್ಧ ಪಾಲು ತಂದೆಯದು. ಆ ಅರ್ಧ ತಾಯಿಯ ದೇಹಕ್ಕೆ ಅನ್ಯವೇ. ಹಾಗಿದ್ದ ಮೇಲೆ ಮಗನ ಒಂದು ತುಂಡು ಚರ್ಮವನ್ನೂ ಒಪ್ಪದ ತಾಯಿಯ ದೇಹ, ಅದೇ ಮಗನನ್ನು ಇಡಿಯಾಗಿ ಒಂಬತ್ತು ತಿಂಗಳು ಒಳಗಿಟ್ಟುಕೊಂಡು ಸಾಕಿದ್ದು ಹೇಗೆ?

ಈ ಪ್ರಶ್ನೆಯನ್ನು ವಿಜ್ಞಾನದ ಭಾಷೆಯಲ್ಲಿ ಖಚಿತವಾಗಿ ಎತ್ತಿದವರು ಪೀಟರ್ ಮೆಡಾವರ್. ಲೆಬನಾನಿನ ತಂದೆಗೂ ಇಂಗ್ಲಿಷ್ ತಾಯಿಗೂ 1915ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ ನೆಲೆಸಿದವರು. ಎರಡನೇ ಮಹಾಯುದ್ಧದಲ್ಲಿ ಸುಟ್ಟಗಾಯಗಳ ರೋಗಿಗಳಿಗೆ ಬೇರೆಯವರ ಚರ್ಮ ಹಚ್ಚಿದರೆ ಅದೇಕೆ ನಿಲ್ಲುವುದಿಲ್ಲ ಎಂಬುದನ್ನು ಅವರು ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಜೊತೆ ಪರಿಶೀಲಿಸಿದರು. ಒಬ್ಬರ ಚರ್ಮವನ್ನು ಎರಡನೇ ಸಲ ಹಚ್ಚಿದಾಗ ಅದು ಮೊದಲಿಗಿಂತ ಬೇಗ ಉದುರಿಹೋಗುತ್ತಿತ್ತು. ಅಂದರೆ ದೇಹ ಆ ಅನ್ಯವನ್ನು ನೆನಪಿಟ್ಟುಕೊಂಡಿತ್ತು. ತಿರಸ್ಕಾರ ರೋಗನಿರೋಧಕ ವ್ಯವಸ್ಥೆಯದೇ ಕೆಲಸವಾಗಿತ್ತು. ಹತ್ತು ವರ್ಷಗಳ ನಂತರ, 1953ರಲ್ಲಿ, ಅವರು ಬಸಿರಿನ ಒಗಟನ್ನು ಮುಂದಿಟ್ಟು ಒಂದು ಲೇಖನ ಬರೆದರು. 1960ರಲ್ಲಿ ಅವರಿಗೆ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಜೊತೆ ನೊಬೆಲ್ ಬಹುಮಾನ ಬಂತು.

ಇದು ವೈದ್ಯರ ಪ್ರಶ್ನೆ, ಕತೆ ಬರೆಯುವ ನಮಗೆ ಇದರಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ನಮ್ಮನ್ನು ಇದರೊಳಗೆ ಎಳೆದದ್ದು ಒಂದು ಪದ. ದೇಹ ಅನ್ಯವನ್ನು ಒಪ್ಪಿಕೊಳ್ಳುವುದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಸಹನೆ. ಸಭೆಗಳಲ್ಲಿ, ಸೌಹಾರ್ದ ಸಮಾವೇಶಗಳಲ್ಲಿ, ಗಲಭೆಯ ನಂತರದ ಶಾಂತಿ ಸಮಿತಿಗಳಲ್ಲಿ ನಾವೂ ಇದೇ ಪದವನ್ನು ಬಳಸುತ್ತೇವೆ. ಬಳಸಿ ಬಳಸಿ ಸವೆದ ನಾಣ್ಯ ಅದು. ಸಹನೆ ಎಂದರೆ ಏನು, ಯಾರು ಯಾರನ್ನು ಸಹಿಸಬೇಕು, ಎಲ್ಲಿಯವರೆಗೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಇನ್ನೊಂದು ಕಾರಣವೂ ಇದೆ. ದೇಹದ ಉಪಮೆಯನ್ನು ಮೊದಲು ಕೈಗೆತ್ತಿಕೊಂಡವರು ದ್ವೇಷದವರು. 1930ರ ದಶಕದ ಜರ್ಮನಿಯಲ್ಲಿ ಯಹೂದಿಗಳನ್ನು ರಾಷ್ಟ್ರದ ಮೈಗೆ ಹೊಕ್ಕ ರೋಗಾಣು, ಪರೋಪಜೀವಿ ಎಂದು ಕರೆದರು. 1994ರ ರುವಾಂಡಾದಲ್ಲಿ ಟುಟ್ಸಿ ಜನರನ್ನು ರೇಡಿಯೊದಲ್ಲಿ ಜಿರಳೆಗಳೆಂದರು. ನೆರೆಯವನನ್ನು ಮೊದಲು ಕ್ರಿಮಿಯಾಗಿಸಿದರೆ, ಆಮೇಲೆ ಕೊಲ್ಲುವುದು ಪಾಪವಾಗಿ ಕಾಣದೆ ಶುಚಿ ಮಾಡುವ ಕೆಲಸವಾಗಿ ಕಾಣುತ್ತದೆ. ದೇಶವೊಂದು ದೇಹ, ಹೊರಗಿನದೆಲ್ಲ ರೋಗ, ಆರೋಗ್ಯವಂತ ದೇಹ ಹೊರಗಿನದನ್ನು ಹೊರಹಾಕಲೇಬೇಕು ಎಂಬ ಈ ತರ್ಕ ಇಂದಿಗೂ ಬೇರೆ ಬೇರೆ ವೇಷಗಳಲ್ಲಿ ಓಡಾಡುತ್ತಿದೆ. ಹುಟ್ಟಿದೂರಿನಲ್ಲೇ ‘ನೀವು ಎಲ್ಲಿಯವರು?’ ಎಂದು ಕೇಳಿಸಿಕೊಂಡವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಹಾಗಾಗಿ ದೇಹ ನಿಜಕ್ಕೂ ಹಾಗೆ ನಡೆದುಕೊಳ್ಳುತ್ತದೆಯೇ ಎಂದು ನೋಡುವುದು ಬರೀ ಕುತೂಹಲದ ಮಾತಲ್ಲ.

ಮೆಡಾವರ್ ತಮ್ಮ ಒಗಟಿಗೆ ಮೂರು ಉತ್ತರಗಳನ್ನು ಊಹಿಸಿದ್ದರು. ಒಂದು, ತಾಯಿ ಮಗುವಿನ ನಡುವೆ ಗೋಡೆ ಇರಬಹುದು. ಇಬ್ಬರೂ ಮುಖಾಮುಖಿ ಆಗುವುದೇ ಇಲ್ಲ. ಎರಡು, ಮಗು ಇನ್ನೂ ಎಳೆಯದಾದ್ದರಿಂದ ಅನ್ಯವೆಂದು ತೋರಿಸುವ ಗುರುತೇ ಅದರ ಮೇಲೆ ಮೂಡಿರಲಿಕ್ಕಿಲ್ಲ. ಮೂರು, ಬಸುರಿಯ ರೋಗನಿರೋಧಕ ಶಕ್ತಿಯೇ ಮಂಕಾಗಿರಬಹುದು. ಈ ಮೂರನ್ನು ಓದಿದಾಗ ನಮಗೆ ಅಚ್ಚರಿಯಾಯಿತು. ಬೇರೆ ಬೇರೆ ಜನ ಒಂದೆಡೆ ಬಾಳುವುದು ಹೇಗೆ ಎಂಬುದಕ್ಕೆ ನಮ್ಮ ಸಮಾಜವೂ ಈ ಮೂರೇ ಉಪಾಯಗಳನ್ನು ಹೇಳುತ್ತ ಬಂದಿದೆ. ನಿಮ್ಮ ಕೇರಿಯಲ್ಲಿ ನೀವಿರಿ, ನಮ್ಮ ಕೇರಿಯಲ್ಲಿ ನಾವಿರುತ್ತೇವೆ ಎನ್ನುವುದು ಮೊದಲನೆಯದು. ನಿಮ್ಮ ಹೆಸರು, ಉಡುಪು, ಊಟ, ಮಾತು ಕಣ್ಣಿಗೆ ಬೀಳದಂತೆ ನಮ್ಮೊಳಗೆ ಕರಗಿಹೋಗಿ ಎನ್ನುವುದು ಎರಡನೆಯದು. ಯಾರಿಗೂ ಯಾವುದರಲ್ಲೂ ನಂಬಿಕೆ ಇಲ್ಲದೆ ಹೋದರೆ ಜಗಳವೇ ಇರುವುದಿಲ್ಲ ಎನ್ನುವುದು ಮೂರನೆಯದು. ಮುಂದಿನ ಎಪ್ಪತ್ತು ವರ್ಷಗಳ ಸಂಶೋಧನೆ ಮೆಡಾವರ್ ಅವರ ಮೂರು ಊಹೆಗಳನ್ನೂ ಬಹುಪಾಲು ತಳ್ಳಿಹಾಕಿತು.

ಮೊದಲು ಗೋಡೆ. ಮಗುವಿನ ರಕ್ತ ಬೇರೆ, ತಾಯಿಯ ರಕ್ತ ಬೇರೆ ಎನ್ನುವುದು ನಿಜ. ನಡುವೆ ಇರುವುದು ಮಾಸು. ಪಠ್ಯಪುಸ್ತಕದ ಭಾಷೆಯಲ್ಲಿ ಜರಾಯು. ಹೆರಿಗೆಯಾದ ಮೇಲೆ ಸೂಲಗಿತ್ತಿ ಹೂಳಲು ಕೊಟ್ಟುಬಿಡುವ ಈ ಅಂಗ ಬಹುತೇಕ ಮಗುವಿನದು. ಅದನ್ನು ಕಟ್ಟುವವು ಮಗುವಿನ ಕಡೆಯ ಜೀವಕೋಶಗಳು. ತಾಯಿಯ ರಕ್ತ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ಪ್ರಮಾಣದಲ್ಲಿ ಬಂದು ಈ ಮಾಸಿನ ಕವಲುಗಳನ್ನು ನೇರವಾಗಿ ತೊಯ್ಯಿಸುತ್ತದೆ. ಮಾಸಿನ ಇನ್ನು ಕೆಲವು ಕೋಶಗಳು ಗರ್ಭಕೋಶದ ಒಳಪದರಕ್ಕೇ ಇಳಿದು ತಾಯಿಯ ಕಾವಲು ಕೋಶಗಳ ಪಕ್ಕದಲ್ಲಿ ಬೀಡುಬಿಡುತ್ತವೆ. ಮಗುವಿನ ಕೋಶಗಳು ತಾಯಿಯ ರಕ್ತಕ್ಕೆ, ತಾಯಿಯ ಕೋಶಗಳು ಮಗುವಿನ ಮೈಗೆ ದಾಟುತ್ತಲೇ ಇರುತ್ತವೆ. ಇದನ್ನು ಗೋಡೆ ಎನ್ನುವುದಕ್ಕಿಂತ ಸಂತೆ ಎನ್ನಬಹುದು. ಕೊಡುಕೊಳ್ಳುವಿಕೆ ಇದೆ, ಕಾವಲೂ ಇದೆ. ಇನ್ನೊಂದು ವಿಚಿತ್ರ ಸಂಗತಿ. ಮಾಸಿನ ಹೊರಪದರದ ಕೋಶಗಳು ಒಂದಕ್ಕೊಂದು ಬೆಸೆದು ಸಂದಿಲ್ಲದ ಹೊದಿಕೆಯಾಗಲು ಸಿನ್ಸಿಟಿನ್ ಎಂಬ ಪ್ರೋಟೀನು ಬೇಕು. ಅದರ ವಂಶವಾಹಿ ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳಿಗೆ ಸೋಂಕಿದ ಒಂದು ವೈರಸ್ಸಿನದು ಎಂದು 2000ದಲ್ಲಿ ಗೊತ್ತಾಯಿತು. ಎಂದೋ ದಾಳಿ ಮಾಡಲು ಬಂದದ್ದು ಇಂದು ಕೂಸಿನ ತೊಟ್ಟಿಲಿಗೆ ಹೊದಿಕೆಯಾಗಿದೆ. ಶುದ್ಧ ಮೂಲದ ಹೆಮ್ಮೆ ಪಡುವವರು ತಮ್ಮ ತಾಯಿಯ ಒಡಲಲ್ಲೇ ಈ ಹಳೆಯ ಪರಕೀಯನಿಗೆ ಋಣಿಗಳು.

ಎರಡನೆಯದು ಗುರುತು ಅಡಗಿಸುವ ಉಪಾಯ. ಪ್ರತಿಯೊಬ್ಬರ ಜೀವಕೋಶದ ಮೇಲೂ ‘ಇದು ಇವರದು’ ಎಂದು ಸಾರುವ ಕೆಲವು ಅಣುಗಳಿರುತ್ತವೆ. ವಿಜ್ಞಾನಿಗಳು ಅವನ್ನು ಎಚ್.ಎಲ್.ಎ. ಎನ್ನುತ್ತಾರೆ. ಅಂಗ ಕಸಿಯ ಮುಂಚೆ ತಾಳೆ ನೋಡುವುದು ಇವನ್ನೇ. ತಾಯಿಯ ರಕ್ತ ತಾಗುವ ಮಾಸಿನ ಹೊರಪದರ ಈ ಗುರುತುಗಳನ್ನು ತೋರಿಸುವುದಿಲ್ಲ; ಅಷ್ಟರ ಮಟ್ಟಿಗೆ ಮೆಡಾವರ್ ಊಹೆ ಸರಿ. ಆದರೆ ಗರ್ಭಕೋಶದ ಒಳಪದರಕ್ಕೆ ಇಳಿಯುವ ಕೋಶಗಳ ವಿಷಯ ಬೇರೆ. ಅಲ್ಲಿ ಪೂರ್ತಿ ಗುರುತಿಲ್ಲದೆ ಹೋಗುವುದು ಅಪಾಯಕರ. ಏಕೆಂದರೆ ಯಾವ ಗುರುತೂ ಇಲ್ಲದ ಕೋಶವನ್ನು ಅನುಮಾನಿಸಿ ಕೊಲ್ಲುವುದೇ ನಮ್ಮ ದೇಹದ ಕೆಲವು ಕಾವಲು ಕೋಶಗಳ ಸ್ವಭಾವ. ಅದಕ್ಕಾಗಿ ಈ ಕೋಶಗಳು ಎರಡು ಬಗೆಯ ಗುರುತು ಹಿಡಿದು ಹೋಗುತ್ತವೆ. ಒಂದು, ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿರುವ ಗುರುತು. ‘ನಾನೂ ಮನುಷ್ಯ ಜಾತಿಯದೇ’ ಎಂದ ಹಾಗೆ. ಇನ್ನೊಂದು, ತಂದೆಯಿಂದ ಬಂದದ್ದೂ ಸೇರಿದಂತೆ ತನ್ನದೇ ಆದ ಗುರುತು; ‘ನಾನು ಇಂಥವರ ಮನೆಯವನು’ ಎಂದ ಹಾಗೆ. ತಾಯಿಯ ದೇಹ ಎರಡನ್ನೂ ಓದುತ್ತದೆ. ಮಗು ಉಳಿಯುವುದು ಮರೆಮಾಚಿಕೊಂಡಲ್ಲ, ಗುರುತಿಸಿಕೊಂಡು.

ಮೂರನೆಯದು ಮಂಕು. ಬಸುರಿಯ ರೋಗನಿರೋಧಕ ಶಕ್ತಿ ಬದಲಾಗುತ್ತದೆ, ಸುಳ್ಳಲ್ಲ. ಫ್ಲೂ, ಮಲೇರಿಯಾ, ಕಾಮಾಲೆ ತರುವ ಹೆಪಟೈಟಿಸ್-ಇ ಇವೆಲ್ಲ ಬಸುರಿಯರನ್ನು ಹೆಚ್ಚು ಕಾಡುತ್ತವೆ. ಆದರೆ ಅದು ನಿದ್ದೆ ಹೋಗಿರುವುದಿಲ್ಲ. ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಕೊಡುತ್ತ ಬಂದರಲ್ಲ, ಅದೇ ಇದಕ್ಕೆ ಸಾಕ್ಷಿ. ಚುಚ್ಚುವುದು ತಾಯಿಗೆ, ಪ್ರತಿಕಾಯಗಳನ್ನು ಮಾಡುವುದು ತಾಯಿಯ ದೇಹ, ಅವು ಮಾಸನ್ನು ದಾಟಿ ಮಗುವಿಗೆ ಸೇರಿ ಹುಟ್ಟಿದ ಮೇಲೂ ಕೆಲವು ತಿಂಗಳು ಕಾಯುತ್ತವೆ. ಹೊಕ್ಕುಳಬಳ್ಳಿ ಕತ್ತರಿಸಿದ ಗಾಯದಿಂದ ಸೋಂಕು ತಗುಲಿ ಎಳೆಗೂಸುಗಳು ಸೆಟೆದು ಸಾಯುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಕಂಡಿದ್ದರು. ಭಾರತ 2015ರಲ್ಲಿ ಆ ಪಿಡುಗನ್ನು ತೊಡೆದುಹಾಕಿದ ದೇಶಗಳ ಸಾಲಿಗೆ ಸೇರಿತು. ಮಂಕಾದ ದೇಹದಿಂದ ಇದು ಆಗುವ ಕೆಲಸವಲ್ಲ. ತಾಯಿ ಒಂದು ಕಡೆ ರೋಗದ ವಿರುದ್ಧ ಸೆಣಸುತ್ತಲೇ ಇನ್ನೊಂದು ಕಡೆ ಮಗುವನ್ನು ಕಾಯುತ್ತಾಳೆ.

ಹಾಗಾದರೆ ಏನು ನಡೆಯುತ್ತದೆ? ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಹೆಚ್ಚಿನವು ಎನ್.ಕೆ. ಕೋಶಗಳು. ‘ಸಹಜ ಹಂತಕ’ ಎಂಬುದು ಆ ಹೆಸರಿನ ಅರ್ಥ. ರಕ್ತದಲ್ಲಿ ಓಡಾಡುವಾಗ ಸೋಂಕಿದ ಕೋಶ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಇವುಗಳ ಬಳಗದ ಕೆಲಸ. ಗರ್ಭಕೋಶದಲ್ಲಿ ಅವು ಬೇರೆ ಕಸುಬು ಹಿಡಿಯುತ್ತವೆ. ಮಾಸಿನ ಕೋಶಗಳ ಗುರುತನ್ನು ಓದಿ, ಅವುಗಳ ಜೊತೆ ಸೇರಿ ತಾಯಿಯ ಕಿರಿದಾದ ರಕ್ತನಾಳಗಳನ್ನು ಅಗಲ ಮಾಡಲು ನೆರವಾಗುತ್ತವೆ. ಆ ನಾಳಗಳಿಂದಲೇ ಮಗುವಿಗೆ ಅನ್ನ ಮತ್ತು ಉಸಿರು ಬರಬೇಕು. ಕೊಲ್ಲಲು ಬಲ್ಲ ಕೈ ಅನ್ನದ ದಾರಿ ಅಗೆಯುತ್ತದೆ. ಆಯುಧ ಕಳೆದುಕೊಂಡ ಸಹನೆಯಲ್ಲ ಇದು. ಆಯುಧ ಇದ್ದೂ ಬೇರೆ ಕೆಲಸ ಕೈಗೆತ್ತಿಕೊಂಡ ಸಹನೆ.

ಇಲ್ಲಿ ಮಿತಿಯ ಪ್ರಶ್ನೆ ಬರುತ್ತದೆ. ಕಾವಲು ತೀರ ಬಿಗಿಯಾದರೆ ಮಾಸು ಆಳಕ್ಕೆ ಇಳಿಯುವುದಿಲ್ಲ, ನಾಳಗಳು ಅಗಲವಾಗುವುದಿಲ್ಲ, ಮಗು ಸೊರಗುತ್ತದೆ. ತಾಯಿಯ ರಕ್ತದೊತ್ತಡ ಏರಿ, ಕೈಕಾಲು ಬಾತು, ಕೊನೆಗೆ ಫಿಟ್ಸ್ ಬಂದು ಇಬ್ಬರ ಜೀವಕ್ಕೂ ಕುತ್ತಾಗುವ ಪ್ರಿ-ಎಕ್ಲಾಂಪ್ಸಿಯಾ ಎಂಬ ಸ್ಥಿತಿಗೆ ಇದೊಂದು ಮುಖ್ಯ ಕಾರಣ. ಕಾವಲೇ ಇಲ್ಲದಿದ್ದರೋ? ಹಿಂದಿನ ಸಿಜೇರಿಯನ್ ಗಾಯದ ಗುರುತಿರುವ ಕಡೆ ಗರ್ಭಕೋಶದ ಒಳಪದರ ಸರಿಯಾಗಿರುವುದಿಲ್ಲ. ಮಾಸು ಅಲ್ಲಿ ನೆಲೆಸಿದರೆ ತಡೆಯುವವರಿಲ್ಲದೆ ಗರ್ಭಕೋಶದ ಗೋಡೆಯೊಳಕ್ಕೇ ಬೇರು ಬಿಡಬಹುದು. ಹೆರಿಗೆಯ ಹೊತ್ತಿಗೆ ಅದು ಬಿಡಿಸಿಕೊಂಡು ಬರದೆ ತಾಯಿಗೆ ರಕ್ತಸ್ರಾವವಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ತಾಯಿ ಇಲ್ಲವಾದರೆ ಮಗುವಿಗೆ ಎಲ್ಲಿಯ ಮನೆ? ಇಲ್ಲಿಯವರೆಗೆ ಬಾ, ಇಲ್ಲಿಂದಾಚೆಗೆ ಬೇಡ ಎಂದು ಹೇಳುವ ಶಕ್ತಿಯೂ ತಾಳ್ಮೆಯ ಭಾಗವೇ. ಮಿತಿ ಹೇಳಲಾರದವರ ಮೌನವನ್ನು ತಾಳ್ಮೆ ಎಂದು ಹೊಗಳುವುದು ಅವರನ್ನು ನಿಧಾನವಾಗಿ ಕೊಲ್ಲುವ ಒಂದು ವಿಧಾನ.

ದೇಹಕ್ಕೆ ತನ್ನನ್ನೇ ತಡೆದುಕೊಳ್ಳುವ ಕೋಶಗಳೂ ಇವೆ. ಜಪಾನಿನ ಶಿಮೊನ್ ಸಕಗುಚಿ 1995ರಲ್ಲಿ ಅವನ್ನು ಗುರುತಿಸಿದರು; ಇವತ್ತು ಅವನ್ನು ನಿಯಂತ್ರಕ ಟಿ ಕೋಶಗಳೆನ್ನುತ್ತಾರೆ. ಶತ್ರುವನ್ನು ಹೊಡೆಯುವುದು ಇವುಗಳ ಕೆಲಸವಲ್ಲ, ಹೊಡೆಯಲು ಹೊರಟ ತನ್ನವರ ಕೈ ಹಿಡಿಯುವುದು. ಅಮೆರಿಕದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಈ ಕೋಶಗಳ ಹಿಂದಿರುವ ವಂಶವಾಹಿಯನ್ನು 2001ರಲ್ಲಿ ಕಂಡುಹಿಡಿದರು. 2025ರ ನೊಬೆಲ್ ವೈದ್ಯಕೀಯ ಬಹುಮಾನ ಈ ಮೂವರಿಗೆ ಬಂತು. ಬಸಿರಿನಲ್ಲಿ ಈ ಕೋಶಗಳ ಪಾತ್ರವನ್ನು 2004ರ ಒಂದು ಪ್ರಯೋಗ ತೋರಿಸಿತು. ಇವು ಇಲ್ಲದ ಹೆಣ್ಣಿಲಿ ಬೇರೆ ತಳಿಯ ಗಂಡಿನಿಂದ ಬಸಿರಾದರೆ ಮರಿಗಳು ಉಳಿಯಲಿಲ್ಲ. ತನ್ನದೇ ತಳಿಯ ಗಂಡಿನಿಂದ ಬಸಿರಾದರೆ ಉಳಿದವು. ಅಂದರೆ ತನ್ನಂಥದ್ದನ್ನು ಹೊರಲು ವಿಶೇಷ ಏರ್ಪಾಡು ಬೇಕಿಲ್ಲ. ಅನ್ಯವನ್ನು ಹೊರಲು ಮಾತ್ರ ತನ್ನವರನ್ನೇ ತಡೆಯುವ ಬಲ ಬೇಕು. ಊರಿನಲ್ಲಿ ಗಲಭೆಯ ಗಾಳಿ ಎದ್ದಾಗ ಎದುರು ಗುಂಪಿನ ಮೇಲೆ ಕೂಗುವವರು ಬೇಕಾದಷ್ಟು ಜನ ಸಿಗುತ್ತಾರೆ. ತನ್ನ ಗುಂಪಿನ ಹುಡುಗನ ರಟ್ಟೆ ಹಿಡಿದು ‘ಕಲ್ಲು ಕೆಳಗೆ ಹಾಕು’ ಎನ್ನುವ ಹಿರಿಯರು ವಿರಳ. ಊರು ಉಳಿಯುವುದು ಅಂಥವರಿಂದ.

ಇಷ್ಟಾದರೂ ಎಲ್ಲ ಹೊರೆಯೂ ತಾಯಿಯ ಮೇಲೇ ಬಿತ್ತಲ್ಲ, ಮಗು ಸುಮ್ಮನೆ ಮಲಗಿರುವ ಅತಿಥಿಯೇ? ಅಲ್ಲವಂತೆ. ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಶೋಧ ನಮಗೆ ಈ ಇಡೀ ವಿಷಯದಲ್ಲೇ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿದೆ. ಗರ್ಭದ ಕೂಸಿಗೂ ಆ ಹೊತ್ತಿಗೆ ತನ್ನದೇ ರೋಗನಿರೋಧಕ ವ್ಯವಸ್ಥೆ ಮೂಡಿರುತ್ತದೆ. ತಾಯಿಯ ಕೋಶಗಳು ಅದರೊಳಗೆ ಬಂದು ನೆಲೆಸಿರುತ್ತವೆ. ಮಗುವಿನ ಪಾಲಿಗೆ ಅವೂ ಅರ್ಧ ಅನ್ಯವೇ. ಆಗ ಮಗುವಿನ ದೇಹ ತನ್ನದೇ ನಿಯಂತ್ರಕ ಕೋಶಗಳನ್ನು ಬೆಳೆಸಿ, ತಾಯಿಯ ಕೋಶಗಳ ಮೇಲೆ ಎಗರದಂತೆ ತನ್ನನ್ನು ತಡೆದುಕೊಳ್ಳುತ್ತದೆ. ಹುಟ್ಟಿದ ಮೇಲೆ, ಹದಿಹರೆಯದವರೆಗೂ ಆ ಕೋಶಗಳು ಉಳಿದಿರುವುದು ಕಂಡುಬಂದಿದೆ. ಅಂದರೆ ಕಣ್ಣು ಬಿಡದ, ಹೆಸರಿಡದ ಕೂಸು ಕೂಡ ತನ್ನನ್ನು ಹೊತ್ತವಳನ್ನು ತಾಳಿಕೊಳ್ಳುವ ಕೆಲಸ ಮಾಡಿಯೇ ಹೊರಬರುತ್ತದೆ. ಒಡಲಲ್ಲಿ ಕೂಡ ಏಕಮುಖ ಸಹನೆ ಎಂಬುದಿಲ್ಲ.

ದೇಹದ ಈ ತಾಳ್ಮೆ ಸೋಲುವುದೂ ಉಂಟು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮಗುವಿನದು ತಂದೆಯಂತೆ ಪಾಸಿಟಿವ್ ಆಗಿದ್ದರೆ ಮೊದಲ ಹೆರಿಗೆ ಸಾಮಾನ್ಯವಾಗಿ ಸುಸೂತ್ರವಾಗಿ ಆಗುತ್ತದೆ. ಆದರೆ ಹೆರಿಗೆಯ ಹೊತ್ತಿನಲ್ಲಿ ಮಗುವಿನ ಒಂದಿಷ್ಟು ರಕ್ತ ತಾಯಿಯ ರಕ್ತಕ್ಕೆ ಸೇರಿದರೆ, ಅವಳ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಮಾಡಲು ಕಲಿಯುತ್ತದೆ, ಕಲಿತದ್ದನ್ನು ಮರೆಯುವುದಿಲ್ಲ. ಎರಡನೇ ಬಸಿರಿನಲ್ಲಿ ಆ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೂಸು ರಕ್ತಹೀನವಾಗಿ, ಕಾಮಾಲೆಯಾಗಿ, ಎಷ್ಟೋ ಸಲ ಸತ್ತೇ ಹುಟ್ಟುತ್ತಿತ್ತು. ಧನುರ್ವಾಯುವಿನಿಂದ ಕಾಯುವ ಪ್ರತಿಕಾಯಗಳು ನಡೆದ ದಾರಿಯಲ್ಲೇ ಈ ಕೊಲ್ಲುವ ಪ್ರತಿಕಾಯಗಳೂ ನಡೆದು ಬರುತ್ತವೆ. ಅಣ್ಣನ ರಕ್ತದ ಮೇಲಿನ ಹಗೆಗೆ ತಮ್ಮನೋ ತಂಗಿಯೋ ದಂಡ ತೆರಬೇಕು. ತಲೆಮಾರುಗಳ ಸೇಡು ನಡೆಯುವುದೂ ಹೀಗೆಯೇ: ಗಾಯ ಮಾಡಿದವನು ಒಬ್ಬ, ಶಿಕ್ಷೆ ಆಗ ಹುಟ್ಟಿರದವನಿಗೆ.

ಆದರೆ ದೇಹ ನೆನಪಿಡುವುದು ಹಗೆಯನ್ನು ಮಾತ್ರವಲ್ಲ. ಇಲಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೊದಲ ಬಸಿರಿನಲ್ಲಿ ಬೆಳೆದ ನಿಯಂತ್ರಕ ಕೋಶಗಳು ಹೆರಿಗೆಯ ನಂತರವೂ ಉಳಿದು, ಮತ್ತೆ ಬಸಿರಾದಾಗ ಬೇಗ ಬೇಗ ಹೆಚ್ಚಿದ್ದು ಕಂಡುಬಂತು. ಮನುಷ್ಯರಲ್ಲೂ ಪ್ರಿ-ಎಕ್ಲಾಂಪ್ಸಿಯಾ ಮೊದಲ ಬಸಿರಿನಲ್ಲೇ ಹೆಚ್ಚು. ಅದಕ್ಕೆ ಇದೂ ಒಂದು ವಿವರಣೆಯಾಗಿರಬಹುದು. ಸೇಡಿಗೆ ನೆನಪಿರುವಂತೆ ತಾಳ್ಮೆಗೂ ನೆನಪಿದೆ. ಒಮ್ಮೆ ಕೂಡಿ ಬಾಳಿದವರಿಗೆ ಮತ್ತೆ ಕೂಡಿ ಬಾಳುವುದು ಸುಲಭ. ಯಾವ ನೆನಪನ್ನು ಮಕ್ಕಳಿಗೆ ದಾಟಿಸುತ್ತೇವೆ ಎಂಬುದು ಮಾತ್ರ ಮನುಷ್ಯರಲ್ಲಿ ಕೋಶಗಳು ತೀರ್ಮಾನಿಸುವ ವಿಷಯವಲ್ಲ. ಅದು ನಮ್ಮ ಕೈಯಲ್ಲಿದೆ.

ಆರ್‌ಎಚ್ ಸಂಕಟಕ್ಕೂ ಮನುಷ್ಯ ಉತ್ತರ ಹುಡುಕಿದ. ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಅಮೆರಿಕದ ನ್ಯೂಯಾರ್ಕ್ ಎರಡೂ ಕಡೆ 1960ರ ದಶಕದಲ್ಲಿ ಕೆಲಸ ನಡೆದು, 1968ರಲ್ಲಿ ಆಂಟಿ-ಡಿ ಇಂಜೆಕ್ಷನ್ ಬಳಕೆಗೆ ಬಂತು. ಹೆರಿಗೆಯಾದ 72 ಗಂಟೆಯೊಳಗೆ ಕೊಟ್ಟರೆ, ತಾಯಿಯ ದೇಹ ಹಗೆಯನ್ನು ನೆನಪಿಟ್ಟುಕೊಳ್ಳುವ ಮುನ್ನವೇ ಮಗುವಿನ ರಕ್ತಕಣಗಳು ತೆರವಾಗುತ್ತವೆ ಎಂಬುದು ಅದರ ಸಾಮಾನ್ಯ ವಿವರಣೆ. ಇದನ್ನು ತಯಾರಿಸಲು ಆ ಪ್ರತಿಕಾಯ ಇರುವ ಜನರ ರಕ್ತದ ಪ್ಲಾಸ್ಮಾವೇ ಬೇಕು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಹದಿನಾಲ್ಕನೇ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಗುರುತಿಲ್ಲದವರ ರಕ್ತದಿಂದ ಬದುಕಿದ ಹುಡುಗ. 1954ರಲ್ಲಿ, ಹದಿನೆಂಟು ತುಂಬುತ್ತಿದ್ದಂತೆ ತಾನೂ ರಕ್ತ ಕೊಡಲು ಹೋದ. ಅವರ ರಕ್ತದಲ್ಲಿ ಈ ಪ್ರತಿಕಾಯ ಹೇರಳವಾಗಿರುವುದು ಆಮೇಲೆ ತಿಳಿಯಿತು. 2018ರಲ್ಲಿ, 81ನೇ ವಯಸ್ಸಿನಲ್ಲಿ ನಿಲ್ಲಿಸುವವರೆಗೆ ಅವರು 1,173 ಸಲ ಕೊಟ್ಟರು. 24 ಲಕ್ಷ ಶಿಶುಗಳಿಗೆ ಅದರಿಂದ ನೆರವಾಯಿತೆಂದು ಅಲ್ಲಿನ ರೆಡ್ ಕ್ರಾಸ್ ಲೆಕ್ಕ ಹಾಕಿದೆ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ತಾಯಂದಿರ ದೇಹದಲ್ಲಿ ಕೂಸನ್ನು ಕೊಲ್ಲುವ ಅದೇ ಪ್ರತಿಕಾಯ ಇವರ ತೋಳಿನಿಂದ ಹೊರಟು ಕೂಸುಗಳನ್ನು ಉಳಿಸಿತು. ವ್ಯತ್ಯಾಸ ಪ್ರತಿಕಾಯದಲ್ಲಿ ಇರಲಿಲ್ಲ; ಒಬ್ಬ ಮನುಷ್ಯ ಕುಳಿತು ತೋಳು ಚಾಚಿದ್ದರಲ್ಲಿತ್ತು.

ಈ ಮಾತು ನಮ್ಮನ್ನು ಒಂದು ಎಚ್ಚರಿಕೆಗೆ ಕರೆದೊಯ್ಯುತ್ತದೆ. ನಿಸರ್ಗದಲ್ಲಿ ಹೀಗಿದೆ, ಆದ್ದರಿಂದ ನಾವೂ ಹೀಗಿರಬೇಕು ಎನ್ನುವುದು ಸರಿಯಾದ ವಾದವಲ್ಲ. ನಿಸರ್ಗದಲ್ಲಿ ಮರಿಯನ್ನು ತಿನ್ನುವ ತಾಯಂದಿರೂ ಇದ್ದಾರೆ. ಬಸುರಿಯ ದೇಹ ಮಗುವನ್ನು ತಾಳಿಕೊಳ್ಳುವುದು ಅವಳು ಯೋಚಿಸಿ ಮಾಡುವ ಕೆಲಸವಲ್ಲ. ಅದರಲ್ಲಿ ಪುಣ್ಯವಿಲ್ಲ, ಸೋತರೆ ಪಾಪವೂ ಇಲ್ಲ. ಪ್ರೀತಿಸಲು ನಮಗೆ ಕೋಶಗಳ ಅಪ್ಪಣೆ ಬೇಕಿಲ್ಲ. ಆದರೆ ದ್ವೇಷ ಮಾಡುವವರು ದೇಹವನ್ನು ಸಾಕ್ಷಿಗೆ ಕರೆದಾಗ, ಆ ಸಾಕ್ಷಿ ಸುಳ್ಳು ಎಂದು ಹೇಳುವ ಹಕ್ಕು ನಮಗಿದೆ. ಹೊರಗಿನದೆಲ್ಲ ಶತ್ರು ಎಂಬ ನಿಯಮದಲ್ಲಿ ದೇಹ ನಡೆಯುವುದಿಲ್ಲ. ನಾವು ತಿನ್ನುವ ಅನ್ನ ಹೊರಗಿನದು, ಕರುಳಿನಲ್ಲಿ ಬಾಳುವ ಕೋಟಿ ಕೋಟಿ ಜೀವಾಣುಗಳು ಹೊರಗಿನವು. ಅಷ್ಟೇಕೆ, ನಾವೆಲ್ಲ ಒಂದು ಕಾಲದಲ್ಲಿ ನಮ್ಮ ತಾಯಂದಿರ ಪಾಲಿಗೆ ಹೊರಗಿನವರೇ. ತನ್ನವರನ್ನೇ ಅನ್ಯರೆಂದು ಬಗೆದು ಮುಗಿಬೀಳುವ ದೇಹದ ಸ್ಥಿತಿಗೆ ವೈದ್ಯರು ಆರೋಗ್ಯ ಎನ್ನುವುದಿಲ್ಲ. ಕೀಲುಗಳನ್ನು ಮುರುಟಿಸುವ, ಮೂತ್ರಪಿಂಡವನ್ನು ಸವೆಸುವ ಕಾಯಿಲೆಗಳ ಹೆಸರಿನಿಂದ ಅದನ್ನು ಕರೆಯುತ್ತಾರೆ.

ಕನ್ನಡದಲ್ಲಿ ‘ತಾಳ್ಮೆ’ ಬಂದದ್ದು ‘ತಾಳು’ ಎಂಬ ಮಾತಿನಿಂದ. ‘ಗರ್ಭ ತಾಳಿದಳು’ ಎನ್ನುವಾಗಲೂ ಅದೇ ಮಾತು. ಉರ್ದುವಿನ ‘ಬರ್ದಾಶ್ತ್’ ಪಾರ್ಸಿಯಲ್ಲಿ ಮೇಲೆತ್ತಿಕೊಳ್ಳುವುದಕ್ಕೆ ಸಂಬಂಧಿಸಿದ್ದು. ಉರ್ದು ಲಿಪಿಯಲ್ಲಿ ಗರ್ಭಕೋಶಕ್ಕೂ ಕರುಣೆಗೂ ಮೂರೇ ಅಕ್ಷರ, ಅವೇ ಅಕ್ಷರ: ರೇ, ಹೇ, ಮೀಮ್. ಓದುವಾಗ ಒಂದು ರಹಿಮ್, ಇನ್ನೊಂದು ರಹಮ್. ಬಂಧುಬಳಗದ ನಂಟನ್ನು ಕಡಿಯದೆ ಉಳಿಸಿಕೊಳ್ಳುವುದಕ್ಕೆ ‘ಸಿಲೆ ರಹಮಿ’ ಎಂಬ ಹೆಸರು. ಭಾಷೆಗಳು ಹೀಗೆ ತಾಯಿಯ ಒಡಲನ್ನೂ ತಾಳ್ಮೆಯನ್ನೂ ಒಂದೇ ದಾರದಲ್ಲಿ ಪೋಣಿಸಿವೆ. ಸುಂದರವಾದ ಪೋಣಿಕೆ. ಆದರೆ ಈ ಸೌಂದರ್ಯವನ್ನೇ ತೋರಿಸಿ ನಾವು ಹೆಂಗಸರಿಂದ ಏನೇನು ವಸೂಲಿ ಮಾಡಿದ್ದೇವೆ ಎಂಬುದನ್ನೂ ನೋಡಬೇಕು. ಗಂಡ ಹೊಡೆದರೆ ‘ಸಬರ್ ಕರ್ ಬೇಟಿ’ ಎನ್ನುವ ಮನೆಗಳಿವೆ. ಪಕ್ಕದ ಮನೆಯಲ್ಲಿ ಅದೇ ಮಾತನ್ನು ‘ತಾಳಿದವನು ಬಾಳಿಯಾನು’ ಎಂಬ ಗಾದೆಯಾಗಿ ಹೇಳುತ್ತಾರೆ. ಗಾದೆಯಲ್ಲಿರುವುದು ಗಂಡಸು, ತಾಳಬೇಕಾದವಳು ಮಾತ್ರ ಹೆಂಗಸು. ಬಸುರಿಗೆ ತಲೆಸಿಡಿತ, ಕಣ್ಣು ಮಂಜು, ಕಾಲು ಬಾವು ಎಂದರೆ ‘ಎಲ್ಲರೂ ಹೆತ್ತಿಲ್ಲವೇ’ ಎಂಬ ಉತ್ತರ ಬರುತ್ತದೆ. ಅದು ಏರಿದ ರಕ್ತದೊತ್ತಡವಾಗಿರಬಹುದು, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕಾದ ಲಕ್ಷಣವಾಗಿರಬಹುದು.

ಬಸಿರು ನಿಲ್ಲದಿದ್ದರೆ ಸೊಸೆಯ ಕಾಲ್ಗುಣ ಸರಿಯಿಲ್ಲ ಎನ್ನುತ್ತೇವೆ. ವಿಜ್ಞಾನ ಇಲ್ಲಿ ಒಂದು ಮುಖ್ಯವಾದ ಮಾತು ಹೇಳುತ್ತದೆ. ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ತಾಯಿಯ ಕಾವಲು ಕೋಶಗಳ ಒಂದು ಬಗೆ ಮತ್ತು ಮಗುವಿನ ಗುರುತಿನ ಒಂದು ಬಗೆ ಕೂಡಿದಾಗ ಪ್ರಿ-ಎಕ್ಲಾಂಪ್ಸಿಯಾದ ಅಪಾಯ ಹೆಚ್ಚುತ್ತದೆ. ಮಗುವಿನ ಆ ಗುರುತಿನಲ್ಲಿ ತಂದೆಯ ಪಾಲೂ ಇದೆ. ಅದೇ ಹೆಂಗಸಿಗೆ, ಬೇರೆ ಗುರುತಿನ ಮಗುವಾದರೆ ಆ ಅಪಾಯ ಇಲ್ಲದಿರಬಹುದು. ದೋಷ ಒಬ್ಬರಲ್ಲಿ ಇಲ್ಲ. ಇಬ್ಬರ ನಡುವೆ ಇದೆ. ಹೀಗಿರುವಾಗ ಒಬ್ಬಳನ್ನೇ ನಿಲ್ಲಿಸಿ ತಪ್ಪೊಪ್ಪಿಸುವುದು ಅನ್ಯಾಯ ಮಾತ್ರವಲ್ಲ, ಸುಳ್ಳು ಕೂಡ.

ಮನೆಯಲ್ಲಿ ನಡೆಯುವುದೇ ಊರಿನಲ್ಲೂ ನಡೆಯುತ್ತದೆ. ದೊಡ್ಡ ಸಮುದಾಯ ಸಣ್ಣದರ ಕಡೆ ನೋಡಿ ‘ನಾವು ನಿಮ್ಮನ್ನು ಸಹಿಸಿಕೊಂಡಿದ್ದೇವೆ’ ಎನ್ನುವಾಗ, ಸಣ್ಣದು ದಿನನಿತ್ಯ ಎಷ್ಟು ಸಹಿಸುತ್ತಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ಸಮುದಾಯವೂ ತನ್ನೊಳಗಿನ ಇನ್ನೂ ಸಣ್ಣವರಿಗೆ, ಪ್ರಶ್ನೆ ಕೇಳುವವರಿಗೆ, ಹೆಣ್ಣುಮಕ್ಕಳಿಗೆ ಇದೇ ಮಾತು ಹೇಳುತ್ತದೆ. ಸಹನೆ ಯಾವಾಗಲೂ ಕೆಳಗಿನವರು ಮೇಲಿನವರಿಗೆ ಸಲ್ಲಿಸುವ ಕಂದಾಯವಾಗಿದ್ದರೆ ಅದಕ್ಕೆ ಸಹನೆ ಎಂಬ ಹೆಸರು ಸಲ್ಲದು. ನಾವು ನೋಡಿದ ಒಡಲ ಕತೆಯಲ್ಲಿ ಕನಿಷ್ಠ ನಾಲ್ಕು ಸಂಗತಿಗಳಿದ್ದವು: ಗುರುತನ್ನು ಅಡಗಿಸದೆ ಓದುವುದು, ಮಿತಿಯನ್ನು ಹೇಳುವುದು, ತನ್ನವರನ್ನು ತಡೆಯುವುದು, ಇಬ್ಬರೂ ದುಡಿಯುವುದು. ದೇಹದಲ್ಲಿ ಇದ್ದ ಮಾತ್ರಕ್ಕೆ ಇವು ಒಳ್ಳೆಯವೆಂದು ನಾವು ಹೇಳುತ್ತಿಲ್ಲ. ಒಟ್ಟಿಗೆ ಬಾಳಿದ ಯಾವ ಓಣಿಯನ್ನು ನೋಡಿದರೂ ಈ ನಾಲ್ಕೂ ಅಲ್ಲಿ ಕಾಣುತ್ತವೆ. ಮುರಿದುಬಿದ್ದ ಓಣಿಯಲ್ಲಿ ಒಂದಾದರೂ ಇಲ್ಲವಾಗಿರುತ್ತದೆ.

ಇನ್ನೊಂದು ಶೋಧವನ್ನು ಹೇಳಿ ಮುಗಿಸಬೇಕು. ಅಮೆರಿಕದ ವೈದ್ಯೆ ಡಯಾನಾ ಬಿಯಾಂಚಿ ಮತ್ತು ಸಂಗಡಿಗರು 1996ರಲ್ಲಿ ತಾಯಂದಿರ ರಕ್ತವನ್ನು ಪರೀಕ್ಷಿಸಿ, ಗಂಡುಮಗುವನ್ನು ಹೆತ್ತು 27 ವರ್ಷ ಕಳೆದವಳ ರಕ್ತದಲ್ಲೂ ಗಂಡು ಜೀವಕೋಶಗಳಿರುವುದನ್ನು ಕಂಡರು. ಮಗ ಹೊರಬಂದು, ಬೆಳೆದು, ತನ್ನ ಸಂಸಾರ ಹೂಡಿರಬಹುದು. ಅವನದೊಂದು ಪಾಲು ಅವಳಲ್ಲಿ ಇನ್ನೂ ಓಡಾಡುತ್ತಿತ್ತು. ತಾಯಿಯ ಕೋಶಗಳೂ ಹಾಗೆಯೇ ದೊಡ್ಡವರಾದ ಮಕ್ಕಳ ಮೈಯಲ್ಲಿ ಸಿಕ್ಕಿವೆ. ಆ ಕೋಶಗಳು ಅಲ್ಲಿ ಒಳ್ಳೆಯದು ಮಾಡುತ್ತವೆಯೋ ಕೆಟ್ಟದ್ದೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದೇ ಇದೆ. ಆದರೆ ಒಂದಂತೂ ಖಚಿತ. ನೂರಕ್ಕೆ ನೂರು ತಾನೇ ಆಗಿರುವ ಮನುಷ್ಯನನ್ನು ಹುಡುಕಲು ಹೊರಟವರಿಗೆ ಅವನು ಸಿಗುವುದು ಕಷ್ಟ. ಮುಂದಿನ ಸಲ ಯಾರಾದರೂ ಹೊರಗಿನವರು, ಒಳಗಿನವರು ಎಂದು ಗೆರೆ ಎಳೆಯಲು ಬಂದರೆ, ಆ ಗೆರೆಯನ್ನು ಮೊದಲು ಅವರದೇ ಮೈಯಲ್ಲಿ ಎಳೆದು ತೋರಿಸಲು ಹೇಳೋಣ.